ಕೊಕ್ಕೆಯಲ್ಲಿದ್ದ ನಿನ್ನ ಮಗ್ಗು

ನಾರ್ಮನ್,

ನಮ್ಮ ಪಬ್ಬನ್ನು ಕೊಂಡಿರುವ ಕ್ರೇಗ್ ಇವತ್ತು ಮಧ್ಯಾಹ್ನ ನಾನೂರು ವರ್ಷದ ತೊಲೆಗೆ ಬಿಳಿ ಬಣ್ಣ ಬಳಿಯಬೇಕೆಂದು, ಅದರ ಕೊಕ್ಕೆಗಳಲ್ಲಿದ್ದ ನಮ್ಮೆಲ್ಲರ ಬಿಯರ್ ಮಗ್ಗುಗಳನ್ನು ಇಳಿಸುತ್ತಿದ್ದ. ಸತ್ತವನ ಮಗ್ಗನ್ನು ಅವನ ಜೊತೆ ಕೂತು ಕುಡಿದವನೇ ಇಳಿಸಬೇಕು, ಅದರಲ್ಲಿ ಒಂದು ಬಿಯರ್ ಪೂರ್ತಿ ಕುಡಿದು ಮನೆಗೆ ಒಯ್ಯಬೇಕು ಅಂತ ಆ ಪುಣ್ಯಾತ್ಮನಿಗೆ ಯಾರು ಹೇಳಬೇಕು?

ನಿನ್ನದಕ್ಕೆ ಕೈ ಹಾಕಿ, “ಇದು ಯಾರ್ದು?” ಅಂದ.

“ನಾರ್ಮನ್‌ದು. ಸತ್ತು ಮೂರು ವರ್ಷ ಆಯ್ತು,” ಅಂದಳು ಬಿಯರ್ ಸುರಿಯುವ ಹಿಲ್ಡಾ. “ಇಳಿಸ್ಬೇಕಾದ ಮಹಾನುಭಾವ್ರು ಇಲ್ಲೇ ಕೂತವ್ರೆ. ಡಾಮಿನೋ ಆಟದಲ್ಲಿ ಅವ್ನ ಜೊತೆ ಜಗಳ ಆಡಿ ಬೇರೆ ಮೇಜಿಗೆ ಹೋದೋರು, ಮಣ್ಣಿಗೂ ಬರ್ಲಿಲ್ಲ.”

ನನಗೆ ಮೈ ಉರಿದುಹೋಯಿತು. ಆಟದ ಬಿಲ್ಲೆಯನ್ನು ಅಂಗಿಯ ತೋಳಿನೊಳಗೆ ಮುಚ್ಚಿಟ್ಟವನು ನೀನು. ಅದನ್ನು ಒಪ್ಪಿಕೊಳ್ಳದೆ ಸತ್ತುಹೋದವನೂ ನೀನು. ಊರೆದುರು ಅನ್ನಿಸಿಕೊಳ್ಳುವವನು ಮಾತ್ರ ನಾನು.

“ಸರಿ ಅತ್ಲಾಗೆ,” ಎಂದು ಮಗ್ಗನ್ನು ನಾನೇ ಇಳಿಸಿ, ತುಂಬಿಸಿಕೊಂಡು, ನಮ್ಮಿಬ್ಬರ ಹಳೆಯ ಮೇಜಿನ ಬಳಿ ಕೂತು ಕುಡಿದೆ. ಎಲ್ಲರೂ ನೋಡುತ್ತಿದ್ದರು. ತಳದಲ್ಲಿ ಎರಡು ಗುಟುಕು ಉಳಿದಾಗ ಎದ್ದು, ಅದನ್ನು ಒಲೆಯ ಬೂದಿಗೆ ಚೆಲ್ಲಿದೆ.

“ಪೂರ್ತಿ ಕುಡ್ದಿಲ್ಲ ನಾನು. ಹಂಗಾಗಿ ಇಳಿಸ್ದಂಗಲ್ಲ,” ಎಂದೆ ಕ್ರೇಗ್‌ಗೆ. “ಬಣ್ಣ ಒಣಗಿದ್ಮೇಲೆ ಇದ್ದಲ್ಲೇ ನೇತಾಕು.”