ಆರು ಹದಿನಾಲ್ಕರ ರೈಲು

ಏಪ್ರಿಲ್ 8, ಸೋಮವಾರ

ಐದಕ್ಕೆ ಎದ್ದೆ. ಅನ್ನ, ಸುರುಳಿ ಮೊಟ್ಟೆ, ನಿನ್ನೆ ಉಳಿದ ಮೀನು — ಇವರ ಡಬ್ಬಿ ಕಟ್ಟಿದೆ. ಐದೂಮುಕ್ಕಾಲಿಗೆ ಹೊರಟರು. 6:14ರ ರೈಲು ನಮ್ಮ ಕಾಶಿಮೊರಿಯಿಂದಲೇ ಶುರು. ಸಾಲಿನಲ್ಲಿ ಮುಂದೆ ನಿಂತವರಿಗೆ ಟೋಕಿಯೊ ತನಕ ಸೀಟು. ಹನ್ನೊಂದು ವರ್ಷದಿಂದ ಇವರದು ಆರನೇ ಬೋಗಿ, ಮೂರನೇ ಬಾಗಿಲು. ಹೆಂಡತಿಗಿಂತ ಆ ಬಾಗಿಲಿನ ಮೇಲೆ ನಿಷ್ಠೆ ಜಾಸ್ತಿ.

ನಗರಸಭೆ ಆಫೀಸಿನಲ್ಲಿ ನನಗೊಂದು ಹೊಸ ಕೆಲಸ. ಕಾಶಿಮೊರಿ ನಗರವಾಗಿ ಐವತ್ತು ವರ್ಷವಾಯಿತಂತೆ. 'ನಗರ ಪರಿಚಯ' ಪುಸ್ತಿಕೆ ನಾನು ಬರೆಯಬೇಕು. ರಾತ್ರಿಯ ಜನಸಂಖ್ಯೆ 1,62,000. ಹಗಲಿನದು 1,21,000. ಮಿಕ್ಕವರೆಲ್ಲ ಬೆಳಿಗ್ಗೆ ರೈಲು ಹತ್ತಿ ಹೋದವರು. ಮಲಗುವುದಕ್ಕಷ್ಟೇ ಬರುವ ಊರು ಎಂದು ಮಾತ್ರ ಬರೆಯಬೇಡಿ ಎಂದರು ನಮ್ಮ ವಿಭಾಗದ ಮುಖ್ಯಸ್ಥ ಮುರೋಯಿ ಸಾನ್. ನಗು ಬಂತು. ನಮ್ಮ ಮನೆಯಲ್ಲಿ ಅದೂ ಬೇರೆ ಬೇರೆ ಕೋಣೆಯಲ್ಲಿ. ನಾನು ಬೇಗ ಏಳುತ್ತೇನೆ, ನಿನ್ನ ನಿದ್ದೆ ಕೆಡುತ್ತದೆ ಎಂದು ಆರು ವರ್ಷದ ಹಿಂದೆ ಹಾಸಿಗೆ ಎತ್ತಿಕೊಂಡು ಹೋದರು. ನಾನೂ ಐದಕ್ಕೇ ಏಳುತ್ತೇನೆ. ಅದನ್ನು ಹೇಳಲೇ ಇಲ್ಲ.

ಏಪ್ರಿಲ್ 19, ಶುಕ್ರವಾರ

ಮುಖಪುಟದ ಫೋಟೋ ಬಂತು. ಬೆಳಗಿನ ರೈಲು, ಒಂದೇ ಸೀಟಿನಲ್ಲಿ ಏಳು ಜನ. ಐವರು ಮಸುಕು. ನಡುವೆ ಇಬ್ಬರು ಮಾತ್ರ ಸ್ಪಷ್ಟ — ಒಬ್ಬರು ಇವರು. ಇವರ ಹೆಗಲ ಮೇಲೆ ತಲೆಯಿಟ್ಟು ಒಬ್ಬಳು ಮಲಗಿದ್ದಾಳೆ. ನೀಲಿ ಕೋಟು, ನಲವತ್ತರ ಆಸುಪಾಸು. ಬಾಯಿ ಸ್ವಲ್ಪ ತೆರೆದಿದೆ.

ಅವಳು ಮಲಗಲಿ. ರೈಲಿನಲ್ಲಿ ಯಾರು ಯಾರ ಮೇಲೋ ಒರಗುತ್ತಾರೆ. ಇವರು ಮಲಗಿಲ್ಲ. ಕಣ್ಣು ತೆರೆದು, ಬೆನ್ನು ನೆಟ್ಟಗೆ ಮಾಡಿ, ಉಸಿರೂ ಬಿಡದವರ ಹಾಗೆ ಕೂತಿದ್ದಾರೆ, ಅವಳಿಗೆ ಎಚ್ಚರವಾಗದಿರಲೆಂದು.

ಆಫೀಸಿನವರೆಲ್ಲ ಮುತ್ತಿಕೊಂಡು ನೋಡಿದರು. ಎಷ್ಟು ಚೆಂದ, ಎಷ್ಟು ಮಮತೆ... ಇವರು ಯಾರೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ಹಗಲಲ್ಲಿ ಇವರನ್ನು ಈ ಊರಿನಲ್ಲಿ ನೋಡಿದವರು ಯಾರಿದ್ದಾರೆ?

"ಇದೇ ಮುಖಪುಟ," ಎಂದರು ಮುರೋಯಿ ಸಾನ್. "ಇಬ್ರದ್ದೂ ಒಪ್ಪಿಗೆ ಪತ್ರ ತಗೊಂಡ್ಬಿಡಿ. ಆಮೇಲೆ ತಕರಾರು ಬರಬಾರ್ದು."

ತರುತ್ತೇನೆ ಎಂದೆ. ಹೊಟ್ಟೆ ಉರಿಯುತ್ತಿತ್ತು.

ಏಪ್ರಿಲ್ 21, ಭಾನುವಾರ

ಮಧ್ಯಾಹ್ನ ಇವರು ಟಿವಿಯಲ್ಲಿ ಬೇಸ್‌ಬಾಲ್ ನೋಡುತ್ತಿದ್ದರು. ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತು ಬಿಟ್ಟು ಹೆಗಲಿಗೆ ಒರಗಿದೆ. ಮೈ ಸರಿಯಿಲ್ಲವಾ ಎಂದು ಕೇಳಿದರು. ಎದ್ದು ಹೋಗಿ ದಿಂಬು ತಂದು, ನನ್ನ ತಲೆಯ ಕೆಳಗೆ ಇಟ್ಟರು. ಕಾಳಜಿಯಿಂದಲೇ ಇಟ್ಟರು.

ಏಪ್ರಿಲ್ 23, ಮಂಗಳವಾರ

ಇವರು ಕೆಲಸದ ಮೇಲೆ ನಗೋಯಾದಲ್ಲಿದ್ದಾರೆ. ಆರಕ್ಕೇ ಸ್ಟೇಷನ್ನಿಗೆ ಹೋದೆ. ಆರನೇ ಬೋಗಿ, ಮೂರನೇ ಬಾಗಿಲು. ಅದೇ ನೀಲಿ ಕೋಟು. ತನ್ನ ಮುಂದೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದಳು. ಅವಳ ಹಿಂದಿನವರೂ ಯಾಕೆ ಎಂದು ಕೇಳಿರಲಿಲ್ಲ. ಇವರ ಜಾಗ ಅದು.

ನಗರಸಭೆಯ ವಿಸಿಟಿಂಗ್ ಕಾರ್ಡ್ ಕೊಟ್ಟು, ಬಾಗಿ ವಂದಿಸಿ, ಫೋಟೋ ತೋರಿಸಿದೆ. ಕಿವಿಯ ತನಕ ಕೆಂಪಾದಳು. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸವಂತೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ರಾತ್ರಿ ನಾಲ್ಕು ಸಲ ಏಳಬೇಕಂತೆ. ಆರು ವರ್ಷದಿಂದ ನಿದ್ದೆ ಎಂದರೆ ಈ ರೈಲಿನಲ್ಲೇ. ಇವರು ಯಾರು ಎಂದು ಕೇಳಿದೆ, ನಾಚಿಕೆಯಿಲ್ಲದೆ.

"ಗೊತ್ತಿಲ್ಲ. ಒಂದಿನಾನೂ ಮಾತಾಡಿಲ್ಲ. ನಾನು ಇಳಿಯೋ ಸ್ಟೇಷನ್ ಬಂದಾಗ ಪೇಪರ್ ಮಡಚ್ತಾರೆ, ಸ್ವಲ್ಪ ಜೋರಾಗಿ. ಎಚ್ಚರ ಆಗ್ಲಿ ಅಂತ."

ಸಹಿ ಹಾಕಿದಳು. ಸಕುಮಾ ಇಕುಕೊ. ಕೆಟ್ಟವಳಾಗಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಮೇ 8, ಬುಧವಾರ

ಮೇ ಮೊದಲ ವಾರದ ರಜೆಯ ದಿನಗಳೆಲ್ಲ ಕಳೆದವು. ಇವರ ಒಪ್ಪಿಗೆ ಪತ್ರ ಅಡುಗೆಮನೆಯ ಡ್ರಾಯರಿನಲ್ಲೇ ಇತ್ತು. ಮುರೋಯಿ ಸಾನ್ ಎರಡು ಸಲ ಕೇಳಿದರು. ಇವತ್ತು ಊಟವಾದ ಮೇಲೆ ಫೋಟೋ, ಎರಡೂ ಪತ್ರ ತಂದು ಮುಂದಿಟ್ಟೆ.

ಬಹಳ ಹೊತ್ತು ನೋಡಿದರು. ಮುಚ್ಚಿಡುವವರ ಮುಖ ಅಲ್ಲ. ಏನೂ ಮಾಡಿಲ್ಲ, ನನಗೂ ಗೊತ್ತು. ಮೊದಲು ಕೇಳಿದ್ದು ಅವಳ ಬಗ್ಗೆಯೇ — ಅವರು ಒಪ್ಪಿದರಾ, ಮುಜುಗರವಾಗಲಿಲ್ಲವಾ. ಆಮೇಲೆ ತಮ್ಮ ಪತ್ರಕ್ಕೆ ಸಹಿಯ ಬದಲು ಹೆಸರಿನ ಮೊಹರು ಒತ್ತಿದರು. ಅವಳ ಪತ್ರ ಇವರ ಕಡೆಗೆ ತಿರುಗಿಸಿದೆ. ಓದದೆಯೇ ಬೋರಲು ಹಾಕಿಬಿಟ್ಟರು.

"ಹೆಸ್ರು ಹೇಳ್ಬೇಡ ಕಣೆ. ಗೊತ್ತಾದ್ರೆ ನಾಳೆ ನಮಸ್ಕಾರ ಹೇಳ್ಬೇಕಾಗುತ್ತೆ. ಆಮೇಲೆ ಮಾತು. ಆಮೇಲೆ ಪಕ್ಕದಲ್ಲಿ ಕೂರೋಕಾಗಲ್ಲ."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇವರು ಯಾವುದನ್ನೂ ಇಷ್ಟು ಬೇಕು ಎಂದು ಹೇಳಿದ್ದು ಕೇಳಿರಲಿಲ್ಲ.

ಮೇ 9, ಗುರುವಾರ

ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತಿದ್ದರು. ಡಬ್ಬಿ ಕೊಟ್ಟೆ.

"ಸಕುಮಾ ಇಕುಕೊ ಅಂತ, ಅವ್ರ ಹೆಸ್ರು."

ಬಗ್ಗಿದವರು ಹಾಗೇ ಇದ್ದರು. ಆಮೇಲೆ ಇನ್ನೊಂದು ಕಾಲಿಗೂ ಹಾಕಿಕೊಂಡು, ಹೋಗಿ ಬರುತ್ತೇನೆ ಎಂದು ಹೊರಟರು. ದಿನವೂ ಹೇಳುವ ದನಿಯಲ್ಲೇ.

ಮೇ 13, ಸೋಮವಾರ

ಇವರೀಗ ಆರೂಕಾಲಿಗೆ ಹೊರಡುತ್ತಾರೆ. ಆ ಹೊತ್ತಿನ ರೈಲು ಹಿಂದಿನ ಊರಿನಿಂದಲೇ ತುಂಬಿ ಬರುತ್ತದೆ. ಎಪ್ಪತ್ತು ನಿಮಿಷ ನಿಂತೇ ಹೋಗಬೇಕು. ಸಂಜೆ ಮೀನಖಂಡಕ್ಕೆ ನೋವಿನ ಪಟ್ಟಿ ಅಂಟಿಸಿಕೊಳ್ಳುತ್ತಾರೆ. ಗೊಣಗುವುದಿಲ್ಲ, ನನ್ನ ಮೇಲೆ ಸಿಟ್ಟೂ ಇಲ್ಲ.

ಗೆದ್ದೆ ಎಂದುಕೊಂಡೆ.

ಮೇ 17, ಶುಕ್ರವಾರ

ಮಧ್ಯಾಹ್ನ ಆಫೀಸಿಗೆ ಅವಳ ಫೋನ್. ತೊಂದರೆ ಕೊಡುತ್ತಿದ್ದೇನೆ ಎಂದು ಮೂರು ಸಲ ಕ್ಷಮೆ ಕೇಳಿದಳು.

"ಆ ಫೋಟೋದಲ್ಲಿರೋರು... ಒಂದು ವಾರ ಆಯ್ತು, ಬರ್ತಿಲ್ಲ. ಹೆಸ್ರು, ವಿಳಾಸ ಏನೂ ಬೇಡ. ಹುಷಾರಾಗಿದಾರೆ ಅಂತ ಒಂದು ಮಾತು ತಿಳಿದ್ರೆ ಸಾಕು."

ಹುಷಾರಾಗಿದ್ದಾರೆ, ಬೆಳಿಗ್ಗೆ ಚೆನ್ನಾಗಿ ತಿಂಡಿ ತಿಂದರು ಎಂದುಬಿಟ್ಟೆ.

ತಿಂಡಿಯ ವಿಷಯ ಹೆಂಡತಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಆ ಕಡೆ ಆಸ್ಪತ್ರೆಯ ಅಡುಗೆಮನೆಯ ಪಾತ್ರೆಗಳ ಸಪ್ಪಳ. ಆಮೇಲೆ ಮೆಲ್ಲಗೆ —

"ಹಾಗಾದ್ರೆ ಒಳ್ಳೇದಾಯ್ತು, ಅಮ್ಮಾ. ನಾನು ಈಗ ಬಾಗಿಲ ಹತ್ರ ನಿಂತ್ಕೊಂಡು ಹೋಗ್ತೀನಿ. ಅವ್ರಿಗೆ ಹೇಳಿ, ಆ ಸೀಟು ಖಾಲಿ ಇದೆ."

ಫೋನ್ ಇಟ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಬ್ಬರೂ ನಿಂತು ಹೋಗುತ್ತಿದ್ದಾರೆ, ನನ್ನಿಂದ. ಆ ಹೆಗಲು ನನಗೂ ಬರಲಿಲ್ಲ.

ರಾತ್ರಿ ಏಳೂವರೆ. ಹೊರಗೆ ಬೀಗ ತೆಗೆಯುವ ಸದ್ದು. ಇವರು ಬಂದರು. ಆ ಸೀಟು ಖಾಲಿ ಇದೆ ಎಂದು ಹೇಳಬೇಕು. ಬೂಟು ಬಿಚ್ಚುವ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮತ್ತೆ ನಾನು —