ನೀಲಿ ಓಲೆಯ ಹನ್ನೊಂದು ಕುರಿಗಳ ಪರವಾಗಿ

ಮಾನ್ಯ ಲಸಿಕಾ ಕೇಂದ್ರದ ನಿರ್ದೇಶಕರೇ,

ನಿಮ್ಮ ಕರುಳುಬೇನೆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಸಾಬೀತುಪಡಿಸಲು ನನ್ನ ಒಂಬತ್ತು ಕುರಿಗಳು ಪ್ರಾಣ ಕೊಟ್ಟಿವೆ. ಉಳಿದ ಹನ್ನೊಂದಕ್ಕೆ ಅದೇ ಲಸಿಕೆ ಹಾಕಿ ಎಂದರೆ, ಪ್ರಯೋಗ ಇನ್ನೂ ಮುಗಿದಿಲ್ಲ ಎನ್ನುತ್ತೀರಿ. ಇನ್ನೆಷ್ಟು ಸತ್ತರೆ ಮುಗಿಯುತ್ತದೆ, ದಯವಿಟ್ಟು ತಿಳಿಸುವಿರಾ?

ಹೋದ ವರ್ಷ ನಿಮ್ಮ ವೈದ್ಯೆ ಬಂದು ನನ್ನ ನಲವತ್ತು ಕುರಿಗಳನ್ನು ಎರಡು ಪಾಲು ಮಾಡಿದರು. ಇಪ್ಪತ್ತಕ್ಕೆ ಲಸಿಕೆ, ಹಳದಿ ಕಿವಿಯೋಲೆ. ಇಪ್ಪತ್ತಕ್ಕೆ ಬರೀ ಉಪ್ಪುನೀರಿನ ಸೂಜಿ, ನೀಲಿ ಓಲೆ. ಹೋಲಿಸಿ ನೋಡದೆ ಲಸಿಕೆಯ ಗುಣ ತಿಳಿಯದು, ತಿಳಿದ ಕೂಡಲೇ ನೀಲಿಯವಕ್ಕೂ ಹಾಕುತ್ತೇವೆ ಎಂದರು. ನ್ಯಾಯವಾದ ಮಾತು, ಒಪ್ಪಿದೆ. ಹೊಸ ಹುಲ್ಲು ಬಂದ ವಾರವೇ ನೀಲಿಯವು ಸಾಯತೊಡಗಿದವು. ಬೆಳಿಗ್ಗೆ ಮೇಯುತ್ತಿದ್ದದ್ದು ಮಧ್ಯಾಹ್ನ ನೆಲಕ್ಕೆ ಬಿದ್ದು ಕಾಲು ಬಡಿಯುತ್ತಿತ್ತು. ನಿಮ್ಮ ತಜ್ಞರಿಗೆ ಆರು ತಿಂಗಳು ಹಿಡಿದ ತೀರ್ಮಾನಕ್ಕೆ ನನ್ನ ಅಮ್ಮ ಮೂರನೆಯ ಕುರಿ ಸತ್ತಾಗಲೇ ಬಂದಿದ್ದಳು: "ಹಳದಿ ಓಲೆಯವಕ್ಕೆ ಏನೂ ಆಗ್ತಿಲ್ಲ ಕಣೋ!"

ಆದರೆ ಅಮ್ಮ ಸೂಜಿಯನ್ನು ಬಿಟ್ಟು ಓಲೆಯನ್ನು ನಂಬಿದಳು. ತಾನು ಬಾಟಲಿ ಹಾಲು ಕುಡಿಸಿ ಸಾಕಿದ್ದ ಕುರಿಯ ನೀಲಿ ಓಲೆಗೆ, ಕಿಟಕಿಗೆ ಬಳಿದು ಮಿಕ್ಕಿದ್ದ ಹಳದಿ ಬಣ್ಣ ಬಳಿದುಬಿಟ್ಟಳು. ನಾಲ್ಕನೇ ದಿನ ಅದೂ ಸತ್ತಿತು. ಬ್ಯಾಕ್ಟೀರಿಯಾ ಓಲೆಯ ಬಣ್ಣ ನೋಡುವುದಿಲ್ಲ. ಆ ಕೆಲಸವನ್ನು ನಿಮ್ಮ ಮೇಲ್ವಿಚಾರಕರು ಮಾಡಿದರು. ದೊಡ್ಡಿಯ ಬಾಗಿಲಲ್ಲೇ ನಿಂತು, ಮೂಗು ಮುಚ್ಚಿಕೊಂಡು, 'ಲಸಿಕೆ ಪಡೆದ ಗುಂಪಿನಲ್ಲಿ ಒಂದು ಸಾವು' ಎಂದು ಬರೆದುಕೊಂಡು ಹೊರಟರು. ನಾವು ಹೆದರಿ ಬಾಯಿ ಬಿಡಲಿಲ್ಲ. ಅದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ.

ಆ ಒಂದು ಸಾವಿನ ವಿಚಾರಣೆಗೆ ಈಗ ಸಮಿತಿ, ಅದಕ್ಕೊಂದು ಉಪಸಮಿತಿ. ಅದು ಮುಗಿಯುವವರೆಗೆ ಪ್ರಯೋಗವೂ ಮುಗಿಯದಂತೆ. ನಾನು ಮೂರು ಸಲ ಬಂದು ನಿಜ ಹೇಳಿದೆ. ನಿಮ್ಮ ಗುಮಾಸ್ತರು ತಲೆಯೆತ್ತದೆ, "ಬಾಯ್ಮಾತು ನಡೆಯಲ್ಲ ಕಣ್ರೀ, ಆ ಕುರಿ ತಂದು ತೋರಿಸಿ" ಎಂದರು. ಹೂತು ವರ್ಷವಾಗುತ್ತ ಬಂತು, ಸ್ವಾಮಿ. ಸಮನ್ಸ್ ಕಳಿಸಿದರೂ ಅದು ಹಾಜರಾಗುವ ಸ್ಥಿತಿಯಲ್ಲಿಲ್ಲ. ಲಸಿಕೆ ಪಡೆದ ಇಪ್ಪತ್ತೂ ದೊಡ್ಡಿಯಲ್ಲಿ ಮೆಲುಕು ಹಾಕುತ್ತಿವೆ. ಇಪ್ಪತ್ತರವರೆಗೆ ಎಣಿಸಲು ಉಪಸಮಿತಿ ಬೇಕೇ?

ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕೆಂದು ಹೇಳಿಕೊಟ್ಟವರು ನೀವೇ. ಹುಲ್ಲು ಚಿಗುರಿ ಬೇನೆ ಮರಳಲು ಇನ್ನು ಮೂರೇ ವಾರ. ಆದ್ದರಿಂದ ಈ ವಾರವೇ ಒಬ್ಬರನ್ನು ಕಳಿಸಿ, ಹನ್ನೊಂದಕ್ಕೂ ಲಸಿಕೆ ಹಾಕಿಸಿ. ವಿಚಾರಣೆ ನಿಧಾನವಾಗಿ ನಡೆಯಲಿ. ಅಮ್ಮ ಈಚೆಗೆ ಆ ಹನ್ನೊಂದರ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಾಳೆ. ಯಾಕಮ್ಮ ಎಂದರೆ, "ಮುಟ್ಟಿದ್ರೆ ಆಸೆ ಹುಟ್ಟುತ್ತಪ್ಪ" ಎನ್ನುತ್ತಾಳೆ.

ಇಂತಿ,
ನಿಮ್ಮ ವರದಿಯ ಕೊನೆಯ ಪುಟದಲ್ಲಿ ಕೃತಜ್ಞತೆಗೆ ಪಾತ್ರನಾದ
ಒಬ್ಬ ಕುರಿ ಸಾಕುವವ