ಕಪ್ಪು ಅರಗಿನ ಪೊಟ್ಟಣ

ಸಂಗತಿಗಳ ವಿವರ

೧. ಬರೆಯುವವನು: ವಿಲ್ಫ್ರೆಡ್ ಡಿನ್ಸ್‌ಡೇಲ್, ದಿವಂಗತ ಜೋಸಯ್ಯ ಡಿನ್ಸ್‌ಡೇಲ್ ಅವರ ಏಕಮಾತ್ರ ಪುತ್ರ. ವಯಸ್ಸು ಎಪ್ಪತ್ತೆಂಟು.
೨. ಹುಟ್ಟೂರು: ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ, ಸ್ವೇಲ್‌ಡೇಲ್ ಕಣಿವೆ.
೩. ಹಾಲಿ ವಾಸ: ಪೆನಾಂಗ್ ದ್ವೀಪ, ಪುಲಾವ್ ಟಿಕುಸ್, ಕಡಲಿಗೆ ಮುಖವಿರುವ ಹೆಂಚಿನ ಮನೆ.
೪. ವೃತ್ತಿ: ವಕೀಲರ ಕಚೇರಿಯಲ್ಲಿ ಅರ್ಜಿ, ಬಿನ್ನವತ್ತಳೆಗಳ ಶುದ್ಧಪ್ರತಿ ತೆಗೆಯುವ ಹಿರಿಯ ಗುಮಾಸ್ತ. ಈಗ ನಿವೃತ್ತ.
೫. ಪತ್ನಿ: ಮೇವಿಸ್. ಸದರಿ ಕಣಿವೆಯವಳೇ.
೬. ವಿಷಯ: ಸದರಿ ಮೇವಿಸ್ ಊಟ ಬಿಟ್ಟಿರುವುದು, ಆಕೆ ಬಯಸುವ ಒಂದೇ ಒಂದು ತಿನಿಸು ಈ ದ್ವೀಪದಲ್ಲಿ ದೊರೆಯದಿರುವುದು.

೩ ಅಕ್ಟೋಬರ್ ೧೯೭೨

ಇಂದೂ ವಿಫಲ. ಬಂದರಿನ ಬಳಿಯ ದೊಡ್ಡ ಅಂಗಡಿಯಿಂದ ಕಾಕಂಬಿಯ ಕರಿ ಮಿಠಾಯಿ, ಒಣದ್ರಾಕ್ಷಿ ತುಂಬಿದ ಪದರದ ಕೇಕು, ಪಟ್ಟೆ ಪಟ್ಟೆಯ ಪೆಪ್ಪರ್‌ಮಿಂಟು — ಇಷ್ಟನ್ನೂ ತಂದೆ. ಹಡಗಿನಲ್ಲಿ ಬಂದು ಸೆಕೆಗೆ ಬೆವೆತ ಮಾಲು. ಮೇವಿಸ್ ಒಂದೊಂದನ್ನೂ ತುಟಿಗೆ ಮುಟ್ಟಿಸಿ ತಟ್ಟೆಯಂಚಿಗೆ ಸರಿಸಿದಳು.

"ಇದಲ್ಲ, ವಿಲ್ಫ್."

"ನಮ್ಮ ಕಡೆಯದೇ ಅಲ್ಲವೇ ಇದು?"

"ನಮ್ಮ ಕಡೇದೇ. ಆದ್ರೆ ಅದಲ್ಲ."

ಆಕೆ ಹೇಳುವ 'ಅದು' — ಬೆರಳುದ್ದದ ಬಿಸ್ಕತ್ತು. ಹಗುರ. ಮೇಲೆ ಸಕ್ಕರೆ ಹರಳು, ಒಳಗೆ ಶಾಜೀರಿಗೆ. ಆರು ವರ್ಷದವಳಿದ್ದಾಗ ಅಜ್ಜಿಯ ಮನೆಯಲ್ಲಿ ತಿಂದದ್ದಂತೆ. "ಮನೆ ತುಂಬ ಜನ ಇದ್ರು. ಯಾರೂ ಜೋರಾಗಿ ಮಾತಾಡ್ತಿರ್ಲಿಲ್ಲ. ಕನ್ನಡಿಗೆ ಬಟ್ಟೆ ಹೊದ್ಸಿದ್ರು. ಎಷ್ಟು ಬೇಕಾದ್ರೂ ತಿನ್ನು ಅಂದ್ರು." ಮಗುವಿನ ನೆನಪು. ಸಾಕ್ಷ್ಯವಾಗಿ ನಿಲ್ಲದು.

ವೈದ್ಯರ ಅಭಿಪ್ರಾಯ: ಜ್ವರ ಹೋಗಿದೆ, ಹಸಿವು ಮರಳಿಲ್ಲ. ಹೀಗೆಯೇ ಮುಂದುವರಿದಲ್ಲಿ ಕ್ರಿಸ್‌ಮಸ್ ಕಾಣುವುದು ಸಂದೇಹ. ಕೇಳಿದ್ದನ್ನು ಕೊಡಿ ಎಂದರು.

ಮನೆಗೆಲಸದ ಆಹ್ ಯೋಕ್ ತಟ್ಟೆ ಎತ್ತುತ್ತ ಗೊಣಗಿದಳು (ಅವಳಿಗೆ ನಾನು ತುವಾನ್, ಅಂದರೆ ಯಜಮಾನ; ಮೇವಿಸ್ ಮೆಮ್, ಅಂದರೆ ಯಜಮಾನಿ): "ತುವಾನ್, ನಿಮ್ ದೇಶದೋರು ಇದನ್ನ ತಿಂದು ಹೇಗೆ ರಾಜ್ಯ ಆಳಿದ್ರೋ. ನನ್ ಗಂಜಿ ಕುಡಿದಿದ್ರೆ ಮೆಮ್ ಇಷ್ಟೊತ್ತಿಗೆ ಮಾರ್ಕೆಟ್ಟಿಗೆ ಹೋಗ್ತಿದ್ರು."

ಆಕೆಯ ಗಂಜಿಯೂ ಮುಟ್ಟದೆ ಹಿಂದಿರುಗಿದೆ.

೬ ಅಕ್ಟೋಬರ್

ಕ್ಲಬ್ಬಿನಲ್ಲಿ ಗೆಳೆಯ ಪಿಮ್. ಒಂದು ಕಾಲಕ್ಕೆ ಬಂದರಿನಲ್ಲಿ ಹಡಗುಗಳನ್ನು ದಡ ಮುಟ್ಟಿಸುತ್ತಿದ್ದವನು. ಈಗ ಮಾತಿಗೆ ದಡವಿಲ್ಲ.

"ಒಂದು ಬಿಸ್ಕತ್ತಿಗೆ ಇಷ್ಟು ಒದ್ದಾಟವಾ ಡಿನ್ಸ್‌ಡೇಲ್? ಅರ್ಜಿ ಗೀಚು ಕಣಯ್ಯ. 'ಮಹಾರಾಣಿಯವರ ಪಾದಕ್ಕೆ, ಶಾಜೀರಿಗೆ ಕೋರಿ.' ನಿನ್ನ ಭಾಷೆ ಓದಿ ಮುಗಿಸೋಷ್ಟರಲ್ಲಿ ಆಕೆಗೇ ಹಸಿವಾಗುತ್ತೆ."

ನಾನು ನಗಲಿಲ್ಲ. ಆಮೇಲೆ ಅವನೇ ತಗ್ಗಿದ ದನಿಯಲ್ಲಿ — "ಫೂ ಹತ್ರ ಹೋಗು. ನನ್ನ ಮನೆಗೆ ಬ್ರೆಡ್ ಹಾಕೋನು. ಅವನಪ್ಪ ಬೆಟ್ಟದ ಬಂಗಲೇಲಿ ನಿಮ್ಮ ಯಾರ್ಕ್‌ಶೈರಿನೋರಿಗೇ ಅಡುಗೆ ಮಾಡ್ತಿದ್ದ. ಆ ಹೈನಾನ್ ಚೀನೀಯರು ಕಲ್ತಿದ್ದು ಮರೆಯಲ್ಲ."

೯ ಅಕ್ಟೋಬರ್

ಹಳೆ ಬಜಾರಿನ ಹಿಂದಿನ ಗಲ್ಲಿ. ಕಟ್ಟಿಗೆ ಒಲೆ. ಫೂ ಐವತ್ತು ದಾಟಿದವನು, ಮೊಣಕೈವರೆಗೆ ಹಿಟ್ಟು. ನನ್ನ ವರ್ಣನೆ ಮುಗಿಯುವ ಮೊದಲೇ ಕೈ ಒರೆಸಿಕೊಂಡು ಟೋಪಿ ತೆಗೆದ.

"ಗೊತ್ತು ಅಂಕಲ್. ಅಪ್ಪ ಮಾಡ್ತಿದ್ದ. ಬಿಳಿಯರು ಹೋಗಿ ಬೆಟ್ಟ ಖಾಲಿಯಾದ್ಮೇಲೆ ಕೇಳೋರೇ ಇಲ್ಲ." ಅಂಕಲ್ ಎಂಬ ಸಂಬೋಧನೆ ನನಗೆ ಹಿಡಿಸದು. ತಿದ್ದಲಿಲ್ಲ. "ಯಾರ ಹೆಸರಲ್ಲಿ?"

ವಿವರ ಅಪೂರ್ಣವಾದರೆ ಅರ್ಜಿ ವಜಾ ಆಗುತ್ತದೆಂಬುದು ನನ್ನ ವೃತ್ತಿಜೀವನದ ಪಾಠ. ನನ್ನ ಹೆಸರು, ತಂದೆಯ ಹೆಸರು, ವಯಸ್ಸು, ಹುಟ್ಟೂರು, ವಾಸ — ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವನು ಬರೆದುಕೊಂಡ.

"ವಯಸ್ಸೂ ಹೇಳಿದ್ದು ಒಳ್ಳೇದಾಯ್ತು. ಎಷ್ಟೋ ಜನ ಬಿಟ್ಬಿಡ್ತಾರೆ."

ಮುಂಗಡ ಕೊಡಹೋದೆ. ಕೈ ಹಿಂದೆ ಕಟ್ಟಿಕೊಂಡ. ಇದಕ್ಕೆ ಮುಂಗಡ ಮುಟ್ಟುವುದಿಲ್ಲವಂತೆ.

೧೪ ಅಕ್ಟೋಬರ್

ಬೆಳಿಗ್ಗೆ ಪೊಟ್ಟಣಗಳು ಬಂದವು. ಬಿಳಿ ಕಾಗದ, ಅಂಚಿಗೆ ಕರಿ ಗೆರೆ, ಮಡಿಕೆಯ ಮೇಲೆ ಕಪ್ಪು ಅರಗಿನ ಮುದ್ರೆ. ಪ್ರತಿಯೊಂದರ ಮೇಲೂ ದುಂಡಕ್ಷರದಲ್ಲಿ: ವಿಲ್ಫ್ರೆಡ್ ಡಿನ್ಸ್‌ಡೇಲ್, ಜೋಸಯ್ಯ ಡಿನ್ಸ್‌ಡೇಲ್ ಅವರ ಪುತ್ರ, ಸ್ವೇಲ್‌ಡೇಲಿನವರು, ಎಪ್ಪತ್ತೆಂಟು ವರ್ಷ. ಅಕ್ಷರದೋಷವಿಲ್ಲ.

ಆಗ ನೆನಪಾಯಿತು. ನನ್ನ ತಾತ ತೀರಿಕೊಂಡಾಗ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಇಂಥದೇ ಪೊಟ್ಟಣ ಹಂಚಿದ್ದರು. ಬರಲಾರದವರ ಮನೆಗೆ ಕಳುಹಿಸಿದ್ದರು. ಸಾವಿನ ಬಿಸ್ಕತ್ತು. ಪೊಟ್ಟಣದ ಮೇಲೆ ಸತ್ತವರ ಹೆಸರು. ಮೇವಿಸಳ ಅಜ್ಜಿಯ ಮನೆಯಲ್ಲಿ ಅಂದು ನಡೆದದ್ದೇನೆಂದು ಈಗ ತಿಳಿಯಿತು. ಕಣಿವೆಯವನಾದ ನನಗೆ ಮೊದಲೇ ಹೊಳೆಯಬೇಕಿತ್ತು — ಹೊಳೆಯಲಿಲ್ಲ.

ಮುದ್ರೆ ಒಡೆದೆ. ಕಾಗದಗಳನ್ನು ಮೇಜಿನ ಖಾನೆಗೆ ಹಾಕಿದೆ. ಬಿಸ್ಕತ್ತನ್ನು ಹೂವಿನ ಚಿತ್ರದ ತಟ್ಟೆಯಲ್ಲಿಟ್ಟು ಒಯ್ದೆ.

ಮೇವಿಸ್ ಮೂಸಿ ನೋಡಿ ಕಣ್ಣು ಮುಚ್ಚಿದಳು. "ಇದೇ."

ಒಂದನ್ನು ತಿಂದಳು. ಇನ್ನೊಂದನ್ನೂ. ಮಧ್ಯಾಹ್ನ ಅರೆಬೆಂದ ಮೊಟ್ಟೆ ಕೇಳಿ ಪಡೆದಳು. ಆಹ್ ಯೋಕ್ ಅಡುಗೆಮನೆಯಲ್ಲಿ ಅತ್ತದ್ದು ಕೇಳಿಸಿತು. ಯಾಕೆಂದು ಕೇಳಿದರೆ ಈರುಳ್ಳಿ ಎಂದಳು.

೧೬ ಅಕ್ಟೋಬರ್

ಗೇಟಿನಲ್ಲಿ ಪಿಮ್. ಕರಿ ಟೈ, ಕೈಯಲ್ಲಿ ಬಿಳಿ ಹೂವು. ಬಾಗಿಲು ತೆರೆದವನು ನಾನೇ. ಅವನ ದೃಷ್ಟಿ ನನ್ನ ಭುಜದಾಚೆ ಮನೆಯೊಳಗೆ ಯಾರನ್ನೋ ಅರಸಿತು. ಬಳಿಕ, ನೀರಿನಾಳದಿಂದ ಮೇಲೆ ಬಂದವನಂತೆ —

"ನೀನಾ."

"ಮತ್ತಾರು?"

"ಬ್ರೆಡ್ ಜೊತೆ ಪೊಟ್ಟಣ ಬಂತಯ್ಯ. ನಿನ್ನ ಹೆಸರು, ನಿಮ್ಮಪ್ಪನ ಹೆಸರು. ನಾನು ರಾತ್ರಿಯಿಡೀ ಕೂತು ಭಾಷಣ ತಯಾರಿ ಮಾಡಿದೀನಿ. ಒಳ್ಳೆ ಮಾತೇ ಬರೆದಿದ್ದೆ. ಈಗ ಎಲ್ಲ ದಂಡ."

ನಕ್ಕ. ನಾನೂ ನಕ್ಕೆ. ಹೊರಡುವಾಗ ಹೂವನ್ನು ಹಿಂದಕ್ಕೆ ಒಯ್ಯಲಿಲ್ಲ.

ಊಟಕ್ಕೆ ಆಹ್ ಯೋಕ್ ಒಂದೇ ತಟ್ಟೆ ಹಾಕಿದಳು. ಮೇವಿಸಳದು ಮಂಚಕ್ಕೆ ಹೋಗುತ್ತದೆ. ಮೇಜಿನ ಮೇಲಿರಬೇಕಾದದ್ದು ನನ್ನದು. ಒಯ್ದದ್ದು ಮೇವಿಸಳದು. ಮೇಜು ಬರಿದು. ಕೇಳಿದೆ. ಆಹ್ ಯೋಕ್ ಬೆಚ್ಚಿ ನಾಲಿಗೆ ಕಚ್ಚಿಕೊಂಡಳು; ನನ್ನ ತಟ್ಟೆ ಮರೆತಿದ್ದಳು.

೧೭ ಅಕ್ಟೋಬರ್

ಫೂನ ಬಳಿ ಆಕ್ಷೇಪಣೆ ಸಲ್ಲಿಸಿದೆ. ಜೀವಂತ ವ್ಯಕ್ತಿಯ ಹೆಸರನ್ನು ಈ ಪ್ರಕಾರ ಪ್ರಕಟಿಸಿದ್ದು ಯಾವ ಅಧಿಕಾರದಿಂದ?

ಅವನಿಗೆ ಅರ್ಥವಾಗಲಿಲ್ಲ. "ನಮ್ಮಲ್ಲಿ ದೊಡ್ಡೋರು ಗಟ್ಟಿಯಾಗಿರುವಾಗ್ಲೇ ಹೋಗಿ ತಮ್ಮ ಹೆಣದ ಪೆಟ್ಟಿಗೆ ತಾವೇ ಆರಿಸ್ತಾರೆ ಅಂಕಲ್. ನಮ್ಮಮ್ಮ ತನ್ನ ಪೆಟ್ಟಿಗೇಲಿ ಹತ್ತು ವರ್ಷ ಅಕ್ಕಿ ತುಂಬಿಟ್ಟಿದ್ಲು. ನೀವೂ ಹಾಗೇ ಅಂದ್ಕೊಂಡೆ. ಅದಕ್ಕೇ ಬ್ರೆಡ್ ಹಾಕೋ ಮನೆಗಳಿಗೆಲ್ಲ ಒಂದೊಂದು ಕೊಟ್ಟೆ. ಅಪ್ಪ ಹಾಗೇ ಮಾಡ್ತಿದ್ದ."

"ಮುಂದಿನ ಸಲ ಹೆಸರು ಬೇಡ. ಬಿಸ್ಕತ್ತು ಮಾತ್ರ ಸಾಕು."

ಅವನು ಒಲೆಯತ್ತ ನೋಡಿದ. "ಹೆಸರಿಲ್ದೆ ಮಾಡಲ್ಲ. ಅಪ್ಪ ಒಂದ್ಸಲ ಮಾಡಿದ್ದ. ಬಂಗಲೆ ಮಗು ಆಸೆಪಡ್ತು ಅಂತ. ಆ ವಾರವೇ ಮಗು ಹೋಯ್ತು. ಹೆಸರು ಕೊಡದಿದ್ರೆ ತಿಂದೋರ ಹೆಸರು ತಗೊಳತ್ತೆ ಅಂತಿದ್ದ. ಬೇರೆ ಹೆಸರಿದ್ರೆ ಹೇಳಿ, ಹಾಕ್ತೀನಿ."

ಮೂಢನಂಬಿಕೆ. ಹಾಗೆಂದು ಸ್ಪಷ್ಟವಾಗಿ ಹೇಳಿ, ಮುಂದಿನ ಬೇಡಿಕೆ ರದ್ದುಪಡಿಸಿ ಬಂದೆ.

೨೪ ಅಕ್ಟೋಬರ್

ಬಿಸ್ಕತ್ತು ಮುಗಿದು ಎರಡು ದಿನ. ಮೇವಿಸ್ ಮತ್ತೆ ಏನನ್ನೂ ಮುಟ್ಟುತ್ತಿಲ್ಲ. ಮೊದಲಿಗಿಂತ ಕೆಟ್ಟಿದೆ. ಆಹ್ ಯೋಕ್‌ಳಿಂದಲೇ ಶಾಜೀರಿಗೆ ಹಾಕಿದ ಬಿಸ್ಕತ್ತು ಮಾಡಿಸಿದೆ. "ಇದಲ್ಲ." ಕೈ ಹಿಡಿದರೆ ಕಾಗದ ಹಿಡಿದಂತೆ.

ಇತ್ತ ನನಗೆ ಎರಡು ದಿನದಿಂದ ತಟ್ಟೆ ತಪ್ಪದೆ ಬರುತ್ತಿದೆ. ಪಿಮ್ ಕ್ಲಬ್ಬಿನಲ್ಲಿ ದೂರದಿಂದಲೇ ಕೈಬೀಸಿದ. ಎರಡೂ ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದೆ. ಗುಮಾಸ್ತನ ಬುದ್ಧಿ — ಓದದೆ ಇರಲಾಗದು.

೨೫ ಅಕ್ಟೋಬರ್

ಫೂನ ಅಂಗಡಿ. ಕಣ್ಣೆತ್ತದೆ ಕೇಳಿದ: "ಮೆಮ್ ಹೆಸರಾ?"

"ಅಲ್ಲ. ಮೊದಲಿನದೇ."

"ಎಷ್ಟು ಸಲಕ್ಕೆ, ಅಂಕಲ್?"

"ಆಕೆ ಎದ್ದು ಓಡಾಡುವವರೆಗೆ."

ಅವನು ಟೋಪಿ ತೆಗೆದ. ನಾನೂ ತೆಗೆದೆ.

೧ ನವೆಂಬರ್

ಮೇವಿಸ್ ಎದ್ದು ಕುಳಿತಳು. ಗಂಜಿ, ಮೊಟ್ಟೆ, ಮೀನು. ಆಹ್ ಯೋಕ್‌ಗೆ ಉಪ್ಪು ಹೆಚ್ಚಾಯಿತೆಂದು ಗದರಿದಳು. ಗದರಿಸಿಕೊಂಡವಳಿಗೆ ಹಬ್ಬ.

ಕ್ಲಬ್ಬಿಗೆ ಹೋದೆ. ನನ್ನ ಕುರ್ಚಿಯಲ್ಲಿ ಪಿಮ್ ಹ್ಯಾಟು ಇಟ್ಟಿದ್ದ. ಪಕ್ಕದಲ್ಲಿ ನಿಂತು ಕೆಮ್ಮಿದೆ. ಮಾಣಿಯನ್ನು ಕರೆದು ಅವನು ಹೇಳಿದ್ದು — "ಆ ಕಿಟಕಿ ಹಾಕಪ್ಪ, ಗಾಳಿ ಬರ್ತಿದೆ."

೮ ನವೆಂಬರ್

ಹಜಾರದ ಕನ್ನಡಿಗೆ ಬಟ್ಟೆ ಹೊದಿಸಲಾಗಿದೆ. ಹೊದಿಸಿದವಳು ಆಹ್ ಯೋಕ್. ಯಾಕೆಂದು ಕೇಳಿದ್ದು ಮೇವಿಸ್. ನನ್ನ ಪ್ರಶ್ನೆ ಅವರಿಗೆ ಕೇಳಿಸಲಿಲ್ಲ.

"ಧೂಳು ಕೂರುತ್ತೆ ಮೆಮ್."

"ಇಷ್ಟು ವರ್ಷ ಕೂರ್ತಿರ್ಲಿಲ್ವಾ?"

"ಗೊತ್ತಿಲ್ಲ ಮೆಮ್. ಬೆಳಿಗ್ಗೆ ಎದ್ದೆ, ಹೊದಿಸ್ಬೇಕು ಅನ್ನಿಸ್ತು."

ಬಟ್ಟೆ ಎತ್ತಿ ನೋಡಬಹುದಿತ್ತು. ನೋಡಲಿಲ್ಲ.

ಒಂದು ಮಾತು ದಾಖಲಾಗಲಿ. ಈಗಲೂ ಫೂನ ಬಳಿ ಹೋಗಿ ಹೆಸರು ಹಿಂತೆಗೆಯುವ ಅವಕಾಶ ನನಗಿದೆ. ಆ ಅವಕಾಶವನ್ನು ಬಲ್ಲವನಾಗಿ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಬಿಟ್ಟುಕೊಟ್ಟಿದ್ದೇನೆ.

೧೫ ನವೆಂಬರ್, ಸಂಜೆ

ಮೇವಿಸ್ ವರಾಂಡಕ್ಕೆ ತಾನೇ ನಡೆದು ಬಂದಳು. ಕೋಲಿಲ್ಲದೆ. ಕಡಲು ತಗ್ಗಿತ್ತು. ನಾನು ನನ್ನ ಬೆತ್ತದ ಕುರ್ಚಿಯಲ್ಲಿದ್ದೆ.

"ಈ ಕುರ್ಚಿ ಒಳಗಿಡ್ಲಾ ಮೆಮ್? ಮಳೆಗೆ ಹಾಳಾಗುತ್ತೆ. ತುವಾನ್ ಇದ್ದಾಗ ಮುಟ್ಟೋಕೂ ಬಿಡ್ತಿರ್ಲಿಲ್ಲ."

"ಬಿಡ್ತಿರ್ಲಿಲ್ಲ." ಮೇವಿಸ್ ನಕ್ಕಳು. ಬಹಳ ಕಾಲದ ಮೇಲೆ ಆ ನಗು. "ಬೆತ್ತದ ಕುರ್ಚಿಗೂ ಷರತ್ತು ಹಾಕ್ತಿದ್ದ. ಇರ್ಲಿ ಬಿಡು, ಅಲ್ಲೇ ಇರ್ಲಿ."

ತಟ್ಟೆಯ ಬಿಸ್ಕತ್ತನ್ನು ಎರಡಾಗಿ ಮುರಿದಳು. ಒಂದು ಚೂರು ಬಾಯಿಗೆ. ಇನ್ನೊಂದನ್ನು ನನ್ನ ಕುರ್ಚಿಯ ತೋಳಿನ ಮೇಲೆ, ನನ್ನ ಕೈಯಿದ್ದ ಜಾಗದಲ್ಲೇ ಇಟ್ಟಳು. ಶಾಜೀರಿಗೆಯ ವಾಸನೆ ನನಗೆ ಬರಲಿಲ್ಲ.

೧೯ ನವೆಂಬರ್

ಕೊನೆಯ ಕಂತು ಇಂದು ಬಂತು. ಆಕೆ ಇನ್ನು ಎಲ್ಲವನ್ನೂ ತಿನ್ನುತ್ತಾಳೆ, ಫೂನ ಅಗತ್ಯವಿಲ್ಲ. ಒಂದು ಪೊಟ್ಟಣವನ್ನು ಒಡೆಯದೆ ತೆಗೆದಿಟ್ಟೆ. ಕೈಗೆ ಹಿಡಿತ ಸಿಕ್ಕುವುದು ಕಷ್ಟವಾಗುತ್ತಿದೆ. ಪೆನ್ನಿನ ಮಸಿ ತೆಳುವಾಗಿದೆ, ಅಥವಾ...

ಆದಕಾರಣ, ಸಂಬಂಧಪಟ್ಟವರ ಸನ್ನಿಧಿಯಲ್ಲಿ ಈ ಬಿನ್ನಹ. ಮೇಲ್ಕಾಣಿಸಿದ ಒಂದರಿಂದ ನಾಲ್ಕರವರೆಗಿನ ನನ್ನ ವಿವರಗಳನ್ನು ಬಿಟ್ಟುಕೊಡಲಾಗಿದೆ. ಐದನೆಯದನ್ನು, ಅಂದರೆ ಮೇವಿಸಳನ್ನು ಮಾತ್ರ, ಆಕೆ ಎಷ್ಟು ಕಾಲ ಬಯಸುವಳೋ ಅಷ್ಟು ಕಾಲ, ಸುರಕ್ಷಿತವಾಗಿ ಉಳಿಸಿಕೊಡಬೇಕೆಂದೂ, ಸಂಜೆಯ ಹೊತ್ತು ಆ ಬೆತ್ತದ ಕುರ್ಚಿಯನ್ನು ವರಾಂಡದಿಂದ ತೆಗೆಯದೆ —

ರುಜು: (ಹೆಸರು ಲಗತ್ತಿನ ಮೇಲಿದೆ)

ಲಗತ್ತು: ಕಪ್ಪು ಅರಗಿನ ಪೊಟ್ಟಣ, ಒಂದು. ಮುದ್ರೆ ಒಡೆದಿಲ್ಲ.